ತವರಿನ ತಂಬಿಗೆಯೂ ವಸ್ತುಸಂಗ್ರಹಾಲಯದ ಗಾಜೂ

ಅಮೃತಸರದ ಹಳೆಯ ಪುರಭವನದಲ್ಲಿ 2017ರಲ್ಲಿ ತೆರೆದ ದೇಶವಿಭಜನೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಕಸೂತಿಯ ಮೇಲಂಗಿಯೂ ಒಂದು ಚರ್ಮದ ಕೈಪೆಟ್ಟಿಗೆಯೂ ಇವೆ. ಮದುವೆ ಗೊತ್ತಾಗಿದ್ದ ಇಬ್ಬರು 1947ರಲ್ಲಿ ಬೇರೆ ಬೇರೆ ಊರುಗಳಿಂದ ಪಾರಾಗಿ ಬರುವಾಗ ತಂದ ವಸ್ತುಗಳವು. ನಿರಾಶ್ರಿತರ ಶಿಬಿರದಲ್ಲಿ ಅವರ ಮರುಭೇಟಿಯಾಗಿ, ಮರುವರ್ಷ ವಿವಾಹವೂ ನೆರವೇರಿತು. ನೋಡುವವರ ಕಣ್ಣು ಒದ್ದೆಯಾಗುವುದು ಸಹಜ. ಆದರೆ ಇಂಥ ಪ್ರದರ್ಶನಕ್ಕೊಂದು ಮಿತಿಯಿದೆ. ಕಥೆ ರೋಚಕವಾಗಿದ್ದರೆ ವಸ್ತುವಿಗೆ ಗಾಜಿನ ಒಳಗೆ ಸ್ಥಾನ. ಸದ್ದಿಲ್ಲದೆ ನಡೆದ ವಲಸೆಯ ವಸ್ತು ಗುಜರಿಗೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ವಲಸೆ ಬಹುಪಾಲು ಈ ಎರಡನೆಯ ಬಗೆಯದು. ಮುದುವೊಳಲಿನ ಬಳೆಗಾರರ ಮನೆಯ ರನ್ನನು ವಿದ್ಯೆಯನ್ನರಸಿ ಗಂಗರ ನಾಡಿಗೆ ಹೋದುದು 10ನೆಯ ಶತಮಾನದ ಮಾತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲಿರುವ ‘ಶ್ರೀ ಕವಿರತ್ನ’ ಎಂಬ ಅಕ್ಷರಗಳು ಅವನವೇ ಎಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಊರು ಬಿಟ್ಟು ಹೋದವನೊಬ್ಬನು ತಾನು ಬಂದಿದ್ದೆನೆಂದು ಗುರುತಿಟ್ಟ ಆ ಬಂಡೆಗೆ ಸರಿಗಟ್ಟುವ ವಸ್ತು ಯಾವ ಸಂಗ್ರಹಾಲಯದಲ್ಲಿದ್ದೀತು?

ಅದಕ್ಕಿಂತ ದೊಡ್ಡ ವಲಸೆ ಹೆಣ್ಣುಮಕ್ಕಳದು. ಅದನ್ನು ವಲಸೆಯೆಂದು ಕರೆಯುವ ರೂಢಿಯೇ ಇಲ್ಲ. ಗಂಡನ ಮನೆಗೆ ಹೊರಟ ಮಗಳ ಜೊತೆಗೆ ಹೋದ ಹಿತ್ತಾಳೆಯ ತಂಬಿಗೆ, ಪರಾತ, ತಾಮ್ರದ ಹಂಡೆಗಳ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರುಗಳಿರುತ್ತವೆ. ಕೆಲವು ಹಳೆಯ ಪಾತ್ರೆಗಳ ಮೇಲೆ ಅಕ್ಷರ ಮರಾಠಿಯದು. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂದ ಇತಿಹಾಸವೂ ಆ ಚುಕ್ಕಿಗಳಲ್ಲಿದೆ. ಕುಣಿಮಗ್ಗ ಮುರಿದು ಸೊಲ್ಲಾಪುರ, ಇಚಲಕರಂಜಿಗಳ ದಾರಿ ಹಿಡಿದ ನೇಕಾರರ ಲಾಳಿಗಳಿಗಾದರೋ ಹೆಸರೂ ಇಲ್ಲ.

ಶ್ರಾವಕರಿಗೆ ಇಲ್ಲೊಂದು ಆಕ್ಷೇಪ ಹೊಳೆಯಬಹುದು: ಅಪರಿಗ್ರಹವನ್ನು ವ್ರತವೆಂದು ಬಗೆದವರಿಗೆ ಹಳೆಯ ಪಾತ್ರೆಗಳ ರಾಶಿ ಏಕೆ? ಆಕ್ಷೇಪ ಹಗುರವಾದುದಲ್ಲ. ಆದರೆ ಉಮಾಸ್ವಾಮಿಗಳು ಪರಿಗ್ರಹವನ್ನು ಕಂಡುದು ವಸ್ತುವಿಗಿಂತ ಅದರ ಮೇಲಿನ ಮೋಹದಲ್ಲಿ. ಅಲ್ಲದೆ, ನೋಂಪಿಯ ಉದ್ಯಾಪನೆಗೆ ಶಾಸ್ತ್ರದಾನ ಮಾಡಿದ ಓಲೆಗರಿಗಳ ಕೊನೆಯಲ್ಲಿ ಬರೆಸಿದವರಾರು, ಬರೆದವರಾರು ಎಂಬ ವಿವರವನ್ನು ಹಿರಿಯರು ಉಳಿಸಿದರು. ಜಿನಬಿಂಬದ ಪಾದಪೀಠದಲ್ಲಿಯೂ ಹಾಗೆಯೇ. ವಸ್ತುವನ್ನು ತೊರೆದು, ಅದು ಕೈಬದಲಿಸಿದ ಬಗೆಯನ್ನು ಮಾತ್ರ ದಾಖಲಿಸುವ ಈ ಪದ್ಧತಿ, ಎತ್ತರ, ಲೋಹ, ಶತಮಾನಗಳನ್ನಷ್ಟೇ ನಮೂದಿಸಿ ಮುಗಿಸುವ ಸಂಗ್ರಹಾಲಯದ ಚೀಟಿಗಿಂತ ಎಷ್ಟೋ ಮೇಲು.

ಖೇದದ ಸಂಗತಿಯೆಂದರೆ, ಆ ಪದ್ಧತಿಯ ವಾರಸುದಾರರೇ ಅದನ್ನು ಮರೆಯುತ್ತಿರುವುದು. ಜೀರ್ಣೋದ್ಧಾರದ ಉತ್ಸಾಹದಲ್ಲಿ ದಾನಿಯ ಹೆಸರಿದ್ದ ಹಾಸುಗಲ್ಲು ಹೊಸ ಗ್ರಾನೈಟಿನಡಿ ಸೇರುತ್ತದೆ. ಬಸದಿಗೆ ಬಂದ ಪಾತ್ರೆಗಳು ತೂಕಕ್ಕೆ ಮಾರಾಟವಾಗುತ್ತವೆ. ತೂಗುವ ಮೊದಲು ಅಂಚಿನ ಹೆಸರನ್ನು ಒಂದು ವಹಿಯಲ್ಲಿ ಬರೆದುಕೊಳ್ಳಲು ವಿಶ್ವಸ್ಥ ಮಂಡಳಿಗೆ ಎಷ್ಟು ವೆಚ್ಚವಾದೀತು? (ಹೊಸ ದಾನಿಗಳ ಅಮೃತಶಿಲೆಯ ಫಲಕಕ್ಕಂತೂ ವೆಚ್ಚದ ಪ್ರಶ್ನೆ ಏಳುವುದಿಲ್ಲ.)

ಕೃಷ್ಣೆಯ ದಂಡೆಗೆ ಈ ಪ್ರಶ್ನೆ ತುರ್ತಿನದು. 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬಾಗಲಕೋಟೆ ಪಟ್ಟಣದ ಭಾಗವೂ ಬೀಳಗಿ ಮೊದಲಾದ ತಾಲ್ಲೂಕುಗಳ ಹಳ್ಳಿಗಳೂ ಸಂದವು. ಜನರು ತೊಲೆ, ಕಂಬ, ಬಾಗಿಲುಗಳನ್ನು ಕಿತ್ತುಕೊಂಡು ಪುನರ್ವಸತಿ ಕೇಂದ್ರಗಳಿಗೆ ಹೋದರು. ಹೊಸ ಗೋಡೆಗೆ ಹೊಂದದ ಹಳೆಯ ಹೊಸ್ತಿಲುಗಳು ಏನಾದವೆಂದು ಕೇಳಿದವರಿಲ್ಲ. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿದೆ. ಅದು ಜಾರಿಯಾದರೆ ಮತ್ತಷ್ಟು ಮನೆಗಳು ಏಳಬೇಕು. ಭೂಸ್ವಾಧೀನದ ಕಾಗದದಲ್ಲಿ ಸರ್ವೆ ನಂಬರು, ಕ್ಷೇತ್ರ, ಪರಿಹಾರದ ಮೊತ್ತಗಳಿಗೆ ಕಲಮುಗಳಿವೆ. ಹೊಸ್ತಿಲನ್ನು ಇಡಿಸಿದವರಾರು, ಅಡುಗೆಮನೆಯ ಹಂಡೆ ಯಾವ ಊರಿನಿಂದ ಯಾರ ಜೊತೆ ಬಂತು ಎಂಬುದನ್ನು ಬಲ್ಲ ಅಜ್ಜಿಯರು ಆ ಮನೆಗಳಲ್ಲಿ ಇನ್ನೂ ಇದ್ದಾರೆ.