ರಷ್ಯನ್ ಕಥಾಸಾಹಿತ್ಯದಲ್ಲಿ ಅಧಿಕಾರದ ನುಡಿ

ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ತಮ್ಮ ಮೇಲೆ ಗಾಢ ಪ್ರಭಾವ ಬೀರಿದವರನ್ನು ನೆನೆಯುವಾಗ ಶ್ರೀಮದ್ ರಾಜಚಂದ್ರರೊಡನೆ ಟಾಲ್‌ಸ್ಟಾಯ್ ಅವರನ್ನೂ ಹೆಸರಿಸಿರುವುದು ಜೈನ ವಾಚಕರಿಗೆ ಹೊಸ ಸಂಗತಿಯಲ್ಲ. ಆದರೆ ಅಹಿಂಸೆಯ ಪ್ರತಿಪಾದಕನಾದ ಟಾಲ್‌ಸ್ಟಾಯ್ ಪರಿಚಿತನಾಗಿರುವಷ್ಟು ಕಥೆಗಾರನಾದ ಟಾಲ್‌ಸ್ಟಾಯ್ ಪರಿಚಿತನಲ್ಲ. ಭಾಷಾಸಮಿತಿಯನ್ನೂ ವಚನಗುಪ್ತಿಯನ್ನೂ ಸಾಧನೆಯ ಅಂಗಗಳೆಂದೆಣಿಸಿದ ಪರಂಪರೆಗೆ ಹತ್ತೊಂಬತ್ತನೆಯ ಶತಮಾನದ ರಷ್ಯನ್ ಕಥಾಸಾಹಿತ್ಯವು ಒಂದು ವಿಶೇಷ ಕಾರಣದಿಂದ ಹತ್ತಿರದ್ದಾಗಬೇಕು. ಅಲ್ಲಿ ಅಧಿಕಾರವು ಕೈಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಮುನ್ನ ನಾಲಗೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಪೀಟರ್ ಚಕ್ರವರ್ತಿಯು 1722ರಲ್ಲಿ ರಾಜಸೇವಕರನ್ನು 14 ದರ್ಜೆಗಳಾಗಿ ವಿಂಗಡಿಸಿದನು. ಯಾವ ದರ್ಜೆಯವನನ್ನು ಯಾವ ಬಿರುದಿನಿಂದ ಕರೆಯಬೇಕೆಂಬುದೂ ಗೊತ್ತಾಯಿತು. ಚೆಕಾಫನ ಒಂದು ಪುಟ್ಟ ಕಥೆಯಲ್ಲಿ ಬಾಲ್ಯದ ಗೆಳೆಯರಿಬ್ಬರು, ಒಬ್ಬ ದಪ್ಪ, ಒಬ್ಬ ತೆಳ್ಳಗೆ, ರೈಲು ನಿಲ್ದಾಣದಲ್ಲಿ ಭೇಟಿಯಾಗಿ ಅಪ್ಪಿಕೊಳ್ಳುತ್ತಾರೆ, ಏಕವಚನದಲ್ಲಿ ಹರಟುತ್ತಾರೆ. ಗೆಳೆಯನು ಮೂರನೆಯ ದರ್ಜೆಗೆ ಏರಿರುವನೆಂದು ತಿಳಿದ ಕ್ಷಣವೇ ಎಂಟನೆಯ ದರ್ಜೆಯ ತೆಳ್ಳನೆಯವನು ಬಹುವಚನಕ್ಕೆ ತಿರುಗುತ್ತಾನೆ. ಅವನ ಮಾತುಗಳ ಕೊನೆಗೆ 'ಸ್' ಎಂಬ ದೈನ್ಯದ ಧ್ವನಿ ಅಂಟಿಕೊಳ್ಳುತ್ತದೆ, ನಗುವಿಗೂ ಅಂಟುತ್ತದೆ. ಇಂಗ್ಲಿಷ್ ಅನುವಾದಗಳಲ್ಲಿ ಇದು ಬಹುಮಟ್ಟಿಗೆ ಕಳೆದುಹೋಗುತ್ತದೆ. ನೀನು, ನೀವು, ತಾವು ಎಂಬ ಮೆಟ್ಟಿಲುಗಳನ್ನು ಬಲ್ಲ ಕನ್ನಡಕ್ಕೆ ಅದು ದಕ್ಕೀತು. ಹಳೆಯ ಮೈಸೂರು ಸೀಮೆಯಲ್ಲಿ ಒಡೆಯನ ಮುಂದೆ ಮಾತಿನ ತುದಿಗೆ ಬರುತ್ತಿದ್ದ 'ಬುದ್ಧೀ' ಎಂಬುದು ಆ ಧ್ವನಿಗೆ ಬಹಳ ಸಮೀಪ. 1883ರ ಮೊದಲ ಪಾಠದಲ್ಲಿ ದಪ್ಪನೆಯವನು ಮೇಲಧಿಕಾರಿಯಾಗಿ ಗೆಳೆಯನನ್ನು ಗದರಿಸುತ್ತಿದ್ದನು. 1886ರಲ್ಲಿ ತಿದ್ದುವಾಗ ಚೆಕಾಫನು ಆ ಗದರಿಕೆಯನ್ನೇ ತೆಗೆದುಹಾಕಿದನು. ಯಾರೂ ಆಜ್ಞಾಪಿಸದೆಯೇ ಬಾಗುವ ನಾಲಗೆ ಉಳಿಯಿತು, ಕಥೆ ಗೆದ್ದಿತು.

ಗೊಗೊಲನ 'ಮೇಲಂಗಿ'ಯಲ್ಲಿ (1842) ಹೆಸರಿಲ್ಲದ 'ಗಣ್ಯ ವ್ಯಕ್ತಿ'ಯೊಬ್ಬನಿದ್ದಾನೆ. ಕೈಕೆಳಗಿನವರನ್ನು ನಡುಗಿಸುವ ಧ್ವನಿಯನ್ನು ಅವನು ಪದವಿ ದೊರೆಯುವ ಒಂದು ವಾರ ಮೊದಲೇ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದನು! ಅವನೆದುರು ನಿಲ್ಲುವ ಬಡ ಗುಮಾಸ್ತ ಅಕಾಕಿಗೆ ಒಂದು ವಾಕ್ಯವನ್ನು ಪೂರ್ಣಗೊಳಿಸಲೂ ಬಾರದು. ಗದರಿಕೆಯ ಪೆಟ್ಟಿನಿಂದ ತತ್ತರಿಸಿ ಹಿಮಗಾಳಿಯಲ್ಲಿ ಮನೆ ಸೇರಿದವನು ಜ್ವರದಿಂದ ಸಾಯುತ್ತಾನೆ.

ಇವೆರಡಕ್ಕಿಂತ ಭಯಂಕರವಾದುದು ಟಾಲ್‌ಸ್ಟಾಯ್ ಅವರ 'ಹಾಜಿ ಮುರಾದ್'. ಅದರ ಹದಿನೈದನೆಯ ಅಧ್ಯಾಯದಲ್ಲಿ ಮೊದಲನೆಯ ನಿಕೊಲಾಯ್ ಚಕ್ರವರ್ತಿಯ ಮುಂದೆ ಒಬ್ಬ ಪೋಲಿಷ್ ವಿದ್ಯಾರ್ಥಿಯ ಪ್ರಕರಣ ಬರುತ್ತದೆ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋತ ಆ ಯುವಕ ಉನ್ಮಾದದಲ್ಲಿ ಸಣ್ಣ ಚಾಕುವಿನಿಂದ ಪ್ರಾಧ್ಯಾಪಕನಿಗೆ ಅಲ್ಪ ಗಾಯ ಮಾಡಿದ್ದಾನೆ. ಚಕ್ರವರ್ತಿ ಕಡತದ ಮೇಲೆ ಬರೆಯುತ್ತಾನೆ: ಇವನು ಮರಣದಂಡನೆಗೆ ಅರ್ಹ, ದೇವರ ದಯೆಯಿಂದ ಆ ಶಿಕ್ಷೆ ಈ ದೇಶದಲ್ಲಿಲ್ಲ, ಅದನ್ನು ತರುವವನು ತಾನಲ್ಲ, ಇವನನ್ನು ಬೆತ್ತ ಹಿಡಿದ ಸಾವಿರ ಜನರ ನಡುವೆ 12 ಬಾರಿ ನಡೆಸತಕ್ಕದ್ದು. ಹನ್ನೆರಡು ಸಾವಿರ ಪೆಟ್ಟುಗಳು. ಐದು ಸಾವಿರವೇ ಬಲಿಷ್ಠನನ್ನು ಕೊಲ್ಲಲು ಸಾಕೆಂಬುದು ಅವನಿಗೆ ಗೊತ್ತು. ಇದನ್ನು ಹೇಳುವಾಗ ಲೇಖಕರು ಧ್ವನಿಯೇರಿಸುವುದಿಲ್ಲ. ನಿಷ್ಕರುಣಿಯಾಗಿರುವ ಸುಖ, ಮರಣದಂಡನೆಯಿಲ್ಲದ ರಾಜ್ಯವನ್ನಾಳುವ ಸಮಾಧಾನ, ಎರಡೂ ಒಂದೇ ಮನಸ್ಸಿನಲ್ಲಿ ಜೊತೆಯಾಗಿರುವುದನ್ನು ತೋರಿಸಿ ಮುಂದೆ ಸಾಗುತ್ತಾರೆ. 'ಪುನರುತ್ಥಾನ'ದಲ್ಲಿ (1899) ಪದೇ ಪದೇ ನಡುವೆ ಬಂದು ಉಪದೇಶಿಸುವ ಟಾಲ್‌ಸ್ಟಾಯ್ ಅವರಿಗಿಂತ ಈ ಮೌನಿ ಟಾಲ್‌ಸ್ಟಾಯ್ ದೊಡ್ಡವರು.

ಆ ಟಿಪ್ಪಣಿಯ ಮಾತುಗಳು ಬರೆದವನ ಮನಸ್ಸಿಗೆ ಸುಳ್ಳೆನಿಸುವುದಿಲ್ಲ. ಆದರೆ ಜೈನಾಚಾರ್ಯರು ಅಸತ್ಯವನ್ನು ಶಬ್ದಾರ್ಥದಿಂದಷ್ಟೇ ಅಳೆದವರಲ್ಲ. ಪ್ರಮಾದದಿಂದ ಕೂಡಿ ಜೀವಕ್ಕೆ ಪೀಡೆ ತರುವ ನುಡಿಯನ್ನು, ಅದು ಇದ್ದುದನ್ನೇ ಹೇಳಿದರೂ, ಅವರು ಅನೃತದ ಕಡೆಗೇ ಸೇರಿಸಿದರು. ಕೃತ, ಕಾರಿತ, ಅನುಮೋದಿತ ಎಂಬ ವಿಭಾಗವೂ ಇಲ್ಲಿ ನೆನಪಾಗುತ್ತದೆ. ಚಕ್ರವರ್ತಿಯ ಕೈ ಬೆತ್ತವನ್ನು ಮುಟ್ಟಿಲ್ಲ. ಹೊಡೆಯುವ ಸೈನಿಕನಿಗೆ ತೀರ್ಪು ತನ್ನದಲ್ಲ. ವಾಕ್ಯರಚನೆಯೇ ಕರ್ತೃವನ್ನು ಮರೆಮಾಡುತ್ತದೆ. ಸಾಲದುದಕ್ಕೆ, ಈ ಶಿಕ್ಷೆಯನ್ನು ನೋಡಲು ಉಳಿದ ವಿದ್ಯಾರ್ಥಿಗಳನ್ನೆಲ್ಲ ಕರೆತರಬೇಕೆಂದೂ ಅಪ್ಪಣೆಯಾಗುತ್ತದೆ. ಹಾಗೆಂದು ಟಾಲ್‌ಸ್ಟಾಯ್ ಅವರನ್ನು ಜೈನರೆನ್ನುವುದು ಅತಿರೇಕವಾದೀತು. ಅವರು ಈ ನಿಲುವಿಗೆ ಬಂದದ್ದು ಕ್ರಿಸ್ತನ ಗಿರಿಪ್ರವಚನದ ದಾರಿಯಿಂದ.

ಕೃತಿ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1912ರಲ್ಲಿ. ರಷ್ಯದಲ್ಲಿ ಹೊರಬಂದ ಮುದ್ರಣದಲ್ಲಿ ನಿಕೊಲಾಯ್‌ಗೆ ಸಂಬಂಧಿಸಿದ ಪುಟಗಳಿಗೆ ಸೆನ್ಸಾರಿನವರು ಕತ್ತರಿ ಹಾಕಿದ್ದರು. ಪೂರ್ಣಪಾಠ ಬೆಳಕು ಕಂಡದ್ದು ಬರ್ಲಿನ್‌ನಲ್ಲಿ.