ಅಹವಾಲು ಮತ್ತು ಆಲಿಕೆ: ಹಾಥಾರ್ನ್ ಅಧ್ಯಯನದ ಒಂದು ವಿಮರ್ಶೆ

ಇಂದು 'ಮಾನವ ಸಂಪನ್ಮೂಲ ವಿಭಾಗ'ವೆಂದು ಕರೆಯಲ್ಪಡುವ ಕಚೇರಿಯು ದೊಡ್ಡ ಉದ್ಯಮಗಳಲ್ಲೆಲ್ಲ ಉಂಟು. ನೇಮಕ, ವೇತನ, ಬಡ್ತಿ, ರಜೆಗಳ ಲೆಕ್ಕವಿಡುವುದರ ಜೊತೆಗೆ, ಕೆಲಸದ ಸ್ಥಳದ ಸಂಸ್ಕೃತಿಯನ್ನು ರೂಪಿಸುವುದೂ ತನ್ನ ಹೊಣೆಯೆಂದು ಅದು ಭಾವಿಸುತ್ತದೆ. ಈ ಭಾವನೆಗೆ ಶಾಸ್ತ್ರೀಯವಾದ ಆಧಾರವನ್ನು ಒದಗಿಸಿದ ಗ್ರಂಥಗಳಲ್ಲಿ ಎಫ್. ಜೆ. ರೋತ್‌ಲಿಸ್‌ಬರ್ಗರ್ ಮತ್ತು ವಿಲಿಯಂ ಜೆ. ಡಿಕ್ಸನ್ ಅವರ 'ಮ್ಯಾನೇಜ್‌ಮೆಂಟ್ ಅಂಡ್ ದಿ ವರ್ಕರ್' (1939) ಮುಖ್ಯವಾದುದು. ಮೊದಲನೆಯವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಾಪಕರು. ಎರಡನೆಯವರು ಅಧ್ಯಯನ ನಡೆದ ಕಾರ್ಖಾನೆಯಲ್ಲಿಯೇ ನೌಕರ ಸಂಬಂಧಗಳ ಸಂಶೋಧನೆಯ ಅಧಿಕಾರಿಗಳು. ಎಂದರೆ, ಈ ಗ್ರಂಥವನ್ನು ಬರೆದ ಎರಡು ಕೈಗಳಲ್ಲಿ ಒಂದು ಸಿಬ್ಬಂದಿ ಇಲಾಖೆಯದೇ. ಇದು ದೋಷವೆಂದು ನಾವು ಹೇಳುವುದಿಲ್ಲ. ಆದರೆ ಓದುವವರು ನೆನಪಿನಲ್ಲಿಡತಕ್ಕ ಸಂಗತಿ.

ಅಮೆರಿಕದ ಷಿಕಾಗೋ ನಗರಕ್ಕೆ ಹೊಂದಿಕೊಂಡ ಸಿಸಿರೊ ಪಟ್ಟಣದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ಹಾಥಾರ್ನ್ ಕಾರ್ಖಾನೆಯಲ್ಲಿ ದೂರವಾಣಿಯ ಸಲಕರಣೆಗಳು ತಯಾರಾಗುತ್ತಿದ್ದುವು. 1924ರಿಂದ 1932ರವರೆಗೆ ಅಲ್ಲಿ ಪ್ರಯೋಗಗಳು ನಡೆದುವು. ಮೊದಲು ಬೆಳಕಿನ ಪ್ರಮಾಣವನ್ನು ಬದಲಾಯಿಸಿ ನೋಡಿದರು. ಬೆಳಕು ಬದಲಾದ ಗುಂಪಿನಲ್ಲಿಯೂ ಬದಲಾಗದ ಗುಂಪಿನಲ್ಲಿಯೂ ಉತ್ಪಾದನೆ ಹೆಚ್ಚಿತು. 1927ರಿಂದ ಕೆಲವೇ ಮಂದಿ ಮಹಿಳೆಯರನ್ನು ಬೇರೆ ಕೊಠಡಿಯಲ್ಲಿ ಕೂರಿಸಿ, ವಿರಾಮ, ಕೆಲಸದ ಅವಧಿ, ಕೂಲಿಯ ಕ್ರಮ ಇವುಗಳನ್ನು ಮಾರ್ಪಡಿಸಿ ಪರೀಕ್ಷಿಸಿದರು. ಅನಂತರ 1928ರಿಂದ 1930ರವರೆಗೆ 21,000ಕ್ಕೂ ಮಿಕ್ಕ ನೌಕರರ ಸಂದರ್ಶನ ನಡೆಯಿತು. ಮೊದಮೊದಲು ಗೊತ್ತಾದ ಪ್ರಶ್ನೆಗಳನ್ನು ಕೇಳುತ್ತಿದ್ದ ಸಂದರ್ಶಕರು, ಕ್ರಮೇಣ ನೌಕರನು ತನಗೆ ತೋಚಿದುದನ್ನು ಆಡಲು ಬಿಟ್ಟು ತಾವು ಸುಮ್ಮನೆ ಆಲಿಸುವುದನ್ನು ಕಲಿತರು.

ಗ್ರಂಥದ ನಿಜವಾದ ಬೆಲೆಯಿರುವುದು 1931-32ರ ವೀಕ್ಷಣೆಯಲ್ಲಿ. ತಂತಿ ಜೋಡಿಸುವ 14 ಮಂದಿ ಗಂಡಸರ ಒಂದು ಗುಂಪನ್ನು ಯಾವ ಮಾರ್ಪಾಟನ್ನೂ ಮಾಡದೆ ನೋಡಲಾಯಿತು. ಅವರಲ್ಲಿ ಬರೆಯದ ಕಟ್ಟಳೆಗಳಿದ್ದುವು: ಬಹಳ ಹೆಚ್ಚು ಕೆಲಸ ಮಾಡಬಾರದು, ಬಹಳ ಕಡಮೆಯೂ ಮಾಡಬಾರದು, ಜೊತೆಗಾರನಿಗೆ ಕೇಡಾಗುವ ಮಾತನ್ನು ಮೇಲಿನವರಿಗೆ ಹೇಳಬಾರದು. ಮೀರಿದವನ ತೋಳಿಗೆ ಒಂದು ಗುದ್ದು ಬೀಳುತ್ತಿತ್ತು. ಕಾರ್ಖಾನೆಯ ಸಂಸ್ಕೃತಿಯನ್ನು ಯಾವ ಇಲಾಖೆಯೂ ಬರಿದಾದ ನೆಲದ ಮೇಲೆ ಕಟ್ಟುವುದಿಲ್ಲ, ಅದು ಬರುವ ಮೊದಲೇ ಅಲ್ಲೊಂದು ಸಂಸ್ಕೃತಿ ಬೇರುಬಿಟ್ಟಿರುತ್ತದೆ ಎಂಬ ಸತ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಅಧ್ಯಯನಗಳು ವಿರಳ.

ಆದರೆ ಈ ಸತ್ಯಕ್ಕೆ ಗ್ರಂಥಕರ್ತರು ಕೊಡುವ ಅರ್ಥವು ಒಪ್ಪತಕ್ಕುದಲ್ಲ. ಆಡಳಿತವರ್ಗದ ನಡತೆಗೆ ವೆಚ್ಚದ ಮತ್ತು ದಕ್ಷತೆಯ ತರ್ಕವನ್ನೂ, ಕಾರ್ಮಿಕರ ನಡತೆಗೆ ಭಾವನೆಯ ತರ್ಕವನ್ನೂ ಅವರು ಆರೋಪಿಸುತ್ತಾರೆ. ಉತ್ಪಾದನೆ ಹೆಚ್ಚಿದರೆ ಕೂಲಿಯ ದರ ಇಳಿದೀತು, ಯಾರಾದರೂ ಕೆಲಸ ಕಳೆದುಕೊಂಡಾರು ಎಂಬ ಅಂಜಿಕೆಗೆ ಅನುಭವದ ಆಧಾರವಿಲ್ಲವೆಂದು ವಾದಿಸುತ್ತಾರೆ. ಅದು ಮಹಾ ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸದ ಅಭಾವದಿಂದಾಗಿ 1932ರ ಮೇ ತಿಂಗಳಲ್ಲಿ ಆ ವೀಕ್ಷಣೆಯೇ ನಿಂತುಹೋಯಿತು. ಹೀಗಿರುವಾಗ ಆ 14 ಮಂದಿಯ ಅಂಜಿಕೆಯನ್ನು ಬರಿಯ ಭಾವನೆಯೆನ್ನುವುದು ಹೇಗೆ? ಅವರದೂ ಲೆಕ್ಕಾಚಾರವೇ, ಲೆಕ್ಕದ ಪುಸ್ತಕ ಮಾತ್ರ ಬೇರೆ.

ಮಹಿಳೆಯರ ಕೊಠಡಿಯ ವೃತ್ತಾಂತವೂ ವಿಚಾರಾರ್ಹ. ಸ್ನೇಹದ ಮೇಲ್ವಿಚಾರಣೆಯೇ ಉತ್ಪಾದನೆಯ ಏರಿಕೆಗೆ ಕಾರಣವೆಂಬ ಮಾತು ಇಲ್ಲಿಂದಲೇ ಹಬ್ಬಿತು. ಆದರೆ 1928ರ ಜನವರಿಯಲ್ಲಿ, ಮಾತು ಹೆಚ್ಚಾಯಿತು, ಸಹಕಾರ ಸಾಲದು ಎಂಬ ಕಾರಣದಿಂದ ಇಬ್ಬರನ್ನು ತೆಗೆದು ಬೇರೆ ಇಬ್ಬರನ್ನು ತರಲಾಯಿತು. ಗ್ರಂಥದಲ್ಲಿಯೇ ದಾಖಲಾಗಿರುವ ಈ ಸಂಗತಿಯನ್ನೂ, ಕೂಲಿಯ ಪ್ರಲೋಭನೆಯ ಪಾತ್ರವನ್ನೂ ಎತ್ತಿ ಹಿಡಿದು ಅಲೆಕ್ಸ್ ಕ್ಯಾರಿ 1967ರಲ್ಲಿ ತೀಕ್ಷ್ಣವಾದ ವಿಮರ್ಶೆ ಬರೆದರು.

ಇನ್ನು ಆಲಿಕೆಯ ಮಾತು. ಅಹವಾಲು ಎಂಬುದು ವಸ್ತುಸ್ಥಿತಿಯ ವರದಿಯಾಗಿರಬೇಕಿಲ್ಲ, ಒಳಗಿನ ಅಸಮಾಧಾನದ ಲಕ್ಷಣವಾಗಿರಬಹುದು ಎಂಬುದು ಗ್ರಂಥದ ಮುಖ್ಯ ಸಿದ್ಧಾಂತ. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಕೂಲಿ ಸಾಲದೆಂದವನ ಮಾತಿನಲ್ಲಿ ಮನೆಯ ಚಿಂತೆಯನ್ನು ಹುಡುಕಲು ಹೊರಟಾಗ, ಕೂಲಿ ನಿಜವಾಗಿಯೂ ಸಾಲದೆ ಎಂಬ ಪ್ರಶ್ನೆ ಮರೆಯಾಗುತ್ತದೆ. 1936ರಲ್ಲಿ ಅಲ್ಲಿ ಆರಂಭವಾದ ಸಲಹೆಗಾರರ ವ್ಯವಸ್ಥೆಯಲ್ಲಿ ಸಲಹೆಗಾರನು ಕೇಳಬೇಕು. ಪರಿಹರಿಸುವ ಅಧಿಕಾರ ಅವನಿಗಿಲ್ಲ. ಕಾರ್ಮಿಕ ಸಂಘಗಳ ವಿಚಾರದಲ್ಲಿ ಗ್ರಂಥವು ತಾಳಿರುವ ಮೌನವನ್ನು ಮೇರಿ ಗಿಲ್ಸನ್ 1940ರಲ್ಲಿಯೇ ಆಕ್ಷೇಪಿಸಿದ್ದರು.

ನಮ್ಮ ದೇಶದಲ್ಲಿ ಈ ಪದವಿ ಬೇರೆ ದಾರಿಯಿಂದ ಬಂದಿತು. 1931ರ ರಾಯಲ್ ಕಮಿಷನ್ ವರದಿಯು ಕೆಲಸ ಕೊಡಿಸಲು ಲಂಚ ತಿನ್ನುತ್ತಿದ್ದ ಮೇಸ್ತ್ರಿಗಳ ಹಿಡಿತವನ್ನು ತಪ್ಪಿಸುವುದಕ್ಕಾಗಿ ಕಾರ್ಮಿಕ ಅಧಿಕಾರಿಗಳ ನೇಮಕವನ್ನು ಸೂಚಿಸಿತು. 1948ರ ಕಾರ್ಖಾನೆಗಳ ಕಾಯಿದೆಯ 49ನೆಯ ಪ್ರಕರಣವು 500 ಮಂದಿ ದುಡಿಯುವ ಕಾರ್ಖಾನೆಗೆ ಕ್ಷೇಮಾಧಿಕಾರಿಯನ್ನು ಕಡ್ಡಾಯಗೊಳಿಸಿತು. 2020ರ ಸಂಹಿತೆಯು ಆ ಸಂಖ್ಯೆಯನ್ನು 250ಕ್ಕೆ ಇಳಿಸಿತು. ಸಂಬಳ ಮಾಲೀಕನದು, ಕರ್ತವ್ಯ ಕಾನೂನಿನದು ಎಂಬ ಇಕ್ಕಟ್ಟು ಈ ಅಧಿಕಾರಿಯದು. ಆದರೂ ಆ ಇಕ್ಕಟ್ಟನ್ನು ಕಾನೂನು ಬಚ್ಚಿಡಲಿಲ್ಲ.

'ಸಂಪನ್ಮೂಲ'ವೆಂಬ ಶಬ್ದವನ್ನು ನಾವು ಗಣಿಗೂ ಅರಣ್ಯಕ್ಕೂ ಬಳಸುತ್ತೇವೆ. ಗಣಿಯು ಅಹವಾಲು ಹೇಳುವುದಿಲ್ಲ, ಮನುಷ್ಯನು ಹೇಳುತ್ತಾನೆ. ಅದನ್ನು ಕೇಳುವ ಇಲಾಖೆಯೊಂದಿರುವುದು ಒಳ್ಳೆಯದೇ. ಆದರೆ ಕೇಳಿಸಿಕೊಂಡ ಮೇಲೆ ಉತ್ತರ ಕೊಡಬೇಕಾದ ಹೊಣೆಯೂ ಅದಕ್ಕೆ ಇದೆಯೇ ಎಂಬುದೇ ಆ ಸಂಸ್ಕೃತಿಯ ಒರೆಗಲ್ಲು. ಹಾಥಾರ್ನ್ ಗ್ರಂಥವು ಕೇಳುವ ಕಲೆಯನ್ನು ನಮಗೆ ಕಲಿಸಿತು. ಈ ಒರೆಗಲ್ಲನ್ನು ಮಾತ್ರ ಕೊಡಲಿಲ್ಲ.