ವಿಧಿ ಸೇವೆಯ ಬಾಗಿಲಲ್ಲಿ: ಸೊಲ್ಲಾಪುರ-ಅಕ್ಕಲಕೋಟದ ಕನ್ನಡ ಹೆಣ್ಣುಮಕ್ಕಳು, ವಿಚ್ಛೇದನ ಮತ್ತು ಕೋರ್ಟಿನ ಭಾಷೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ದನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ.

ಗಡಿನಾಡಿನ ಕನ್ನಡ ಅಂದ ಕೂಡಲೇ ನಾವು ಶಾಲೆ, ಪಠ್ಯಪುಸ್ತಕ, ನಾಮಫಲಕಗಳ ಬಗ್ಗೆ ಮಾತಾಡ್ತೀವಿ. ಬೆಳಗಿನಿಂದ ಇಲ್ಲಿಯೂ ಅದೇ ನಡೆದಿದೆ. ಅದು ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಮದುವೆ ಮುರಿದುಕೊಂಡ ಒಬ್ಬ ಕನ್ನಡದ ಹೆಣ್ಣುಮಗಳು ಸೊಲ್ಲಾಪುರದಲ್ಲೋ ಅಕ್ಕಲಕೋಟದಲ್ಲೋ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವಳ ಮಾತಿಗೆ ಏನಾಗುತ್ತದೆ ಎಂಬುದು ನಮ್ಮ ಗಡಿ ಚರ್ಚೆಯೊಳಗೆ ಬರುವುದಿಲ್ಲ. ಕನ್ನಡದಲ್ಲಿ ಬರುವ ಕಾನೂನು ಸಲಹೆಯ ಬರಹಗಳಲ್ಲಿಯೂ ಅವಳಿಲ್ಲ. ಈ ಎರಡು ಗೈರುಹಾಜರಿಯನ್ನು ವಿಮರ್ಶೆಗೆ ಒಡ್ಡುವುದು ಈ ಪ್ರಬಂಧದ ಉದ್ದೇಶ.

1. ಫಲಕದ ಮೇಲಿನ ಪದ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಯಾವ ಮಹಿಳೆಗೂ ಉಚಿತ ಕಾನೂನು ನೆರವು ಸಿಗಬೇಕು. ಅವಳಿಗೆ ಆದಾಯದ ಮಿತಿ ಇಲ್ಲ. ನೌಕರಿ ಇದ್ದವಳೂ ಕೇಳಬಹುದು, ಕೂಲಿಗೆ ಹೋಗುವವಳೂ ಕೇಳಬಹುದು. ಜಿಲ್ಲೆಗೊಂದು ಪ್ರಾಧಿಕಾರ, ತಾಲೂಕಿಗೊಂದು ಸಮಿತಿ, 15100 ಎಂಬ ಸಹಾಯವಾಣಿ. ಕರ್ನಾಟಕದಲ್ಲಿ ಇದರ ಹೆಸರು ‘ಕಾನೂನು ಸೇವಾ ಪ್ರಾಧಿಕಾರ’. ಮಹಾರಾಷ್ಟ್ರದಲ್ಲಿ ಮರಾಠಿಯಲ್ಲಿ ‘ವಿಧಿ ಸೇವಾ ಪ್ರಾಧಿಕರಣ’.

ಮರಾಠಿಯವರಿಗೆ ಇಲ್ಲಿ ‘ವಿಧಿ’ ಅಂದರೆ ಕಾನೂನು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ವಿಧಿ ಅಂದರೆ ಹಣೇಬರಹ. ಯಾವುದರಿಂದ ಪಾರಾಗಬೇಕು ಅಂತ ಬಂದಿದ್ದಾಳೋ ಅದೇ ಪದ ಬಾಗಿಲ ಮೇಲಿದೆ. ಇದು ಹಾಸ್ಯಕ್ಕೆ ಹೇಳಿದ ಮಾತಲ್ಲ. ‘ಕಾನೂನು ನೆರವಿನ ಆಫೀಸು ಎಲ್ಲೈತ್ರಿ’ ಅಂತ ಕೇಳಿಕೊಂಡು ಬಂದವಳು ಆ ಫಲಕದ ಕೆಳಗೇ ನಿಂತಿದ್ದರೂ ತಾನು ಹುಡುಕುತ್ತಿರುವುದು ಇದೇ ಅಂತ ಅವಳಿಗೆ ಗೊತ್ತಾಗದೇ ಹೋಗಬಹುದು.

ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತವಳಾದರೆ ಮರಾಠಿಯನ್ನೂ ಒಂದು ವಿಷಯವಾಗಿ ಓದಿರುತ್ತಾಳೆ, ನಿಧಾನಕ್ಕೆ ಕೂಡಿಸಿಕೊಂಡು ಓದುತ್ತಾಳೆ. ಇಂಡಿ, ಆಳಂದ, ಅಫಜಲಪುರದ ಕಡೆಯಿಂದ ಸೊಸೆಯಾಗಿ ಬಂದವಳಿಗೆ ಅದೂ ಇಲ್ಲ. ಗಡಿಯ ಎರಡೂ ಕಡೆ ಹೆಣ್ಣು ಕೊಟ್ಟು ತರುವ ನಮ್ಮ ಊರುಗಳಲ್ಲಿ ಇವಳು ಅಪರೂಪದವಳಲ್ಲ.

2. ‘ನಾ ಏನ್ ಹೇಳೀನಿ?’

ಒಂದು ಅನುಭವ ಹೇಳ್ತೀನಿ. ನಮ್ಮ ಚಿಗವ್ವನ ಮಗಳು, ನನಗೆ ತಂಗಿ. ಭೀಮಾ ನದಿಯ ಆಚೆ ಕೊಟ್ಟಿದ್ದರು. ಎರಡು ಮಕ್ಕಳನ್ನ ಕರಕೊಂಡು ತವರಿಗೆ ಬಂದಳು. ಜೀವನಾಂಶಕ್ಕೆ ಅರ್ಜಿ ಹಾಕಿದ ಮೇಲೆ ಒಂದು ದಿನ ನಮ್ಮ ಮನೆಗೆ ಬಂದು ಕಾಗದ ಕೊಟ್ಟಳು. ‘ಅಕ್ಕಾ, ಇದರಾಗ ನಾ ಏನ್ ಹೇಳೀನಿ, ಓದಿ ಹೇಳ್’ ಅಂದಳು. ಅದು ಮರಾಠಿಯಲ್ಲಿದ್ದ ಅವಳದೇ ಪ್ರಮಾಣಪತ್ರ. ಕೆಳಗೆ ಅವಳದೇ ಸಹಿ, ಕನ್ನಡದಲ್ಲಿ.

ಅದರಲ್ಲೊಂದು ಸಾಲು: ‘ಸ್ವಖುಷೀನೆ ಮಾಹೇರಿ ಆಲೆ’. ಸ್ವಂತ ಖುಷಿಯಿಂದ ತವರಿಗೆ ಬಂದೆ ಅಂತ ಅರ್ಥ. ‘ಹಿಂಗ ಹೇಳೀಯೇನ?’ ಅಂತ ಕೇಳಿದೆ. ‘ನಾ ಒಬ್ಬಾಕೀನ ಎದ್ದ ಬಂದೀನಿ ಅಂದಿದ್ದೆ. ಯಾರೂ ಕರಕೊಂಡ ಬರಲಿಲ್ಲ, ರಾತ್ರಿ ಇತ್ತು’ ಅಂದಳು.

ಅವಳು ಹೇಳಿದ್ದು ಒಂಟಿತನದ ಮಾತು. ಬರಹದಲ್ಲಿ ಅದು ಇಷ್ಟದ ಮಾತಾಯಿತು. ಇಷ್ಟೇ ವ್ಯತ್ಯಾಸ ಅನ್ನಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಅಂದರೆ 2024ರ ಜುಲೈ 1ರ ತನಕ ನಾವು 125 ಅಂತ ಕರೀತಿದ್ದದ್ದು, ಹೆಂಡತಿಗೆ ಜೀವನಾಂಶ ಕೊಡಿಸುತ್ತದೆ. ಅದೇ ಕಲಮು, ಸಾಕಷ್ಟು ಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದವಳಿಗೆ ಅದು ಸಿಗುವುದಿಲ್ಲ ಅಂತಲೂ ಹೇಳುತ್ತದೆ. ‘ಸ್ವಖುಷಿ’ ಎಂಬ ಒಂದು ಪದ ಎದುರು ಪಕ್ಷದವರಿಗೆ ಸಾಕು.

ಅವಳ ವಕೀಲರು ಕೆಟ್ಟವರಲ್ಲ. ಕೆಲಸಕ್ಕೆ ಬೇಕಾದಷ್ಟು ಕನ್ನಡ ಅವರಿಗೆ ಬರುತ್ತಿತ್ತು. ತೊಂದರೆ ಆ ‘ಬೇಕಾದಷ್ಟು’ ಎಂಬುದರಲ್ಲೇ ಇತ್ತು. ಕಾಗದ ಇನ್ನೂ ಕೋರ್ಟಿಗೆ ಸಲ್ಲಿಕೆಯಾಗಿರಲಿಲ್ಲ. ಹೋಗಿ ಹೇಳಿದೆವು, ಬೇರೆ ಬರೆಸಿಕೊಟ್ಟರು. ಓದಿ ಹೇಳಲು ಮನೆಯಲ್ಲಿ ಒಬ್ಬರಿದ್ದರು ಅನ್ನುವ ಕಾರಣಕ್ಕೆ ಇದು ಸರಿಹೋಯಿತು. ಇಲ್ಲದವರ ಗತಿ ಏನು?

3. ಪದಗಳ ಹಿಂದಿನ ಲೋಕ

ಅಧೀನ ನ್ಯಾಯಾಲಯಗಳ ಭಾಷೆ ಯಾವುದಿರಬೇಕು ಅಂತ ರಾಜ್ಯ ಸರಕಾರ ನಿರ್ಧರಿಸಬಹುದು. ಮಹಾರಾಷ್ಟ್ರ 1998ರಲ್ಲಿ ಮರಾಠಿ ಅಂತ ಅಧಿಸೂಚನೆ ಹೊರಡಿಸಿತು. ಮರಾಠಿ ಹೆಣ್ಣುಮಕ್ಕಳಿಗೆ ಅದರಿಂದ ಅನುಕೂಲವೇ ಆಯಿತು, ಅದನ್ನ ನಾವು ಒಪ್ಪಬೇಕು. ಕರ್ನಾಟಕದ ಕೋರ್ಟುಗಳಲ್ಲಿ ಕನ್ನಡ ಬೇಕು ಅಂತ ಕೇಳಿದವರೂ ನಾವೇ. ಆದರೆ ಒಂದು ಭಾಷೆಯವರಿಗೆ ತೆರೆದ ಬಾಗಿಲು ಪಕ್ಕದ ಮನೆಯವರಿಗೆ ಗೋಡೆಯಾಗಬಹುದು.

ವಿಚ್ಛೇದನಕ್ಕೆ ಮರಾಠಿಯಲ್ಲಿ ‘ಘಟಸ್ಫೋಟ’. ಸಾಹಿತ್ಯ ಓದಿದ ಕನ್ನಡಿಗರಿಗೆ ಇದನ್ನ ಕೇಳಿದ ಕೂಡಲೇ ಅನಂತಮೂರ್ತಿಯವರ ‘ಘಟಶ್ರಾದ್ಧ’ ನೆನಪಾಗುತ್ತದೆ. ನೆನಪಾಗುವುದು ಸರಿಯೇ. ಧರ್ಮಶಾಸ್ತ್ರದಲ್ಲಿ ಮಡಕೆ ಒಡೆಯುವುದು ಬದುಕಿದ್ದವರನ್ನು ಜಾತಿಯಿಂದ ಹೊರಹಾಕುವ ಕ್ರಿಯೆ. ಈಗಿನ ಮರಾಠಿಯಲ್ಲಿ ಆ ಅರ್ಥ ಸವೆದುಹೋಗಿದೆ, ಅದು ಬರೀ ಕಾನೂನಿನ ಪದ. ಜೀವನಾಂಶಕ್ಕೆ ‘ಪೋಟಗಿ’ ಅಂತಾರೆ, ನಮ್ಮ ಹಳ್ಳಿಗಳಲ್ಲೂ ಅದೇ ಬಳಕೆ. ಅದರೊಳಗೆ ‘ಪೋಟ’, ಅಂದರೆ ಹೊಟ್ಟೆ ಇದೆ. ಕನ್ನಡದ ‘ಜೀವನಾಂಶ’ದಲ್ಲಿ ಜೀವನ ಇದೆ. ಹೊಟ್ಟೆಗೆ ಕೇಳುವುದಕ್ಕೂ ಜೀವನಕ್ಕೆ ಕೇಳುವುದಕ್ಕೂ ಫರಕಿದೆ: ಬಾಡಿಗೆ, ಔಷಧ, ಮಕ್ಕಳ ಶಾಲೆ ಫೀಸು ಎಲ್ಲಾ ಎರಡನೆಯದರಲ್ಲಿ ಸೇರುತ್ತೆ. ‘ಎರಡ ಹೊತ್ತಿನ ಊಟಕ್ಕ ಸಾಕ್ರಿ’ ಅಂತ ಕಡಿಮೆ ಕೇಳಿಬಿಡುವ ಹೆಣ್ಣುಮಕ್ಕಳನ್ನ ನಾನು ನೋಡಿದ್ದೀನಿ.

ಇನ್ನು ‘ಪ್ರಮಾಣಪತ್ರ’. ಕನ್ನಡದ ಕೋರ್ಟಿನಲ್ಲಿ ಆಣೆ ಮಾಡಿ ಕೊಡುವ ಕಾಗದ. ಮರಾಠಿಯಲ್ಲಿ ಪ್ರಮಾಣಪತ್ರ ಅಂದರೆ ಸರ್ಟಿಫಿಕೇಟು. ಆಣೆಯ ಕಾಗದ ‘ಪ್ರತಿಜ್ಞಾಪತ್ರ’ ಅಥವಾ ‘ಶಪಥಪತ್ರ’. ಪಾಟಿ ಸವಾಲು ‘ಉಲಟ ತಪಾಸ’, ರಾಜಿ ‘ತಡಜೋಡ’. ಒಂದೇ ಥರ ಕೇಳುವ ಪದಗಳೇ ಹೆಚ್ಚು ಮೋಸ ಮಾಡುತ್ತವೆ. ಪೂರ್ತಿ ಗೊತ್ತಿಲ್ಲದ ಪದ ಬಂದರೆ ಕೇಳುತ್ತೇವೆ, ಗೊತ್ತಿದೆ ಅನ್ನಿಸಿದರೆ ಸಹಿ ಹಾಕುತ್ತೇವೆ.

4. ನಮ್ಮ ಸಲಹೆಯ ಬರಹಗಳು

ಕನ್ನಡ ಪತ್ರಿಕೆಗಳ ಕಾನೂನು ಅಂಕಣಗಳನ್ನ, ಕಾನೂನು ಅರಿವಿನ ಕಿರುಹೊತ್ತಿಗೆಗಳನ್ನ ನಾನು ಹಲವು ವರ್ಷದಿಂದ ಓದ್ತಾ ಬಂದಿದ್ದೀನಿ. ಕಲಮುಗಳ ವಿವರಣೆ ಚೆನ್ನಾಗಿಯೇ ಇರುತ್ತೆ. ಆದರೆ ಅವುಗಳ ಓದುಗಳು ಕರ್ನಾಟಕದೊಳಗೇ ಇದ್ದಾಳೆ, ಗಂಡನೂ ಅಲ್ಲೇ ಇದ್ದಾನೆ ಅಂತ ಅವು ಮೊದಲೇ ನಂಬಿಕೊಂಡಿರುತ್ತವೆ. ಕೊನೆಗೆ ‘ಸಮೀಪದ ವಕೀಲರನ್ನು ಸಂಪರ್ಕಿಸಿ’ ಅಂತ ಒಂದು ವಾಕ್ಯ. ಸಲಹೆ ಬೇಕಾಗುವುದೇ ಅಲ್ಲಿಂದ ಮುಂದೆ.

ನಮ್ಮ ಕಡೆಯವಳಿಗೆ ಬೇಕಾದದ್ದು ಹೀಗಿದೆ. ಗಂಡ ಇಂಡಿಯಲ್ಲಿ ವಿಚ್ಛೇದನದ ದಾವೆ ಹಾಕಿದ, ಇವಳು ಅಕ್ಕಲಕೋಟದ ತವರಲ್ಲಿದ್ದಾಳೆ ಅನ್ನಿ. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿಯಿಂದ ಹೆಂಡತಿ ತಾನು ವಾಸವಿರುವ ಕಡೆಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಕೌಟುಂಬಿಕ ದೌರ್ಜನ್ಯದ ಅರ್ಜಿಯನ್ನೂ ಅವಳಿರುವ ಕಡೆಯ ಮ್ಯಾಜಿಸ್ಟ್ರೇಟರ ಮುಂದೆ ಹಾಕಬಹುದು. ಆದರೆ ಗಂಡ ಈಗಾಗಲೇ ಹಾಕಿದ ದಾವೆಯನ್ನ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ತರಬೇಕಾದರೆ ಸುಪ್ರೀಂ ಕೋರ್ಟಿಗೇ ಹೋಗಬೇಕು. ನಡುವೆ ಇರುವುದು ಒಂದು ಹೊಳೆ, ದಾಟುವುದಕ್ಕೆ ದಿಲ್ಲಿಯ ಅಪ್ಪಣೆ. ಅಲ್ಲಿಯೂ ಉಚಿತ ನೆರವಿಗೆ ಸಮಿತಿ ಇದೆ ಅಂತ ಅವಳಿಗೆ ಯಾರು ಹೇಳಬೇಕು?

ಜೀವನಾಂಶದ ಬಗ್ಗೆ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದ್ದು ಮುಖ್ಯ: ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರವನ್ನ ಆಣೆ ಮಾಡಿ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು, ಆಮೇಲೆ ಆರು ತಿಂಗಳ ಕಾಯುವಿಕೆ. ಈ ಆರು ತಿಂಗಳನ್ನ ತಕ್ಕ ಸಂದರ್ಭದಲ್ಲಿ ಕೋರ್ಟು ಬಿಟ್ಟುಕೊಡಬಹುದು ಅಂತ 2017ರಲ್ಲಿ ತೀರ್ಪಾಗಿದೆ. ಡಿಕ್ರಿ ಆಗುವ ತನಕ ಒಪ್ಪಿಗೆಯನ್ನ ಹಿಂತೆಗೆದುಕೊಳ್ಳಬಹುದು ಅನ್ನುವುದು 1991ರ ತೀರ್ಪು. ಒಂದೇ ಗಂಟಿನಲ್ಲಿ ದುಡ್ಡು ತಗೊಂಡು ಮುಂದಿನ ಹಕ್ಕು ಬಿಟ್ಟೆ ಅಂತ ಮರಾಠಿಯಲ್ಲಿ ಬರೆದ ಕಾಗದಕ್ಕೆ ಸಹಿ ಹಾಕಿದವಳಿಗೆ ಈ ಕೊನೆಯ ಮಾತು ಗೊತ್ತಿರಲೇಬೇಕು.

5. ಓದಿ ಹೇಳುವ ಹಕ್ಕು

ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 6ನೇ ನಿಯಮ ನೋಡಿ. ಸಾಕ್ಷಿ ಹೇಳಿದ್ದು ಒಂದು ಭಾಷೆ, ಬರೆದುಕೊಂಡದ್ದು ಇನ್ನೊಂದು, ಅದು ಸಾಕ್ಷಿಗೆ ಅರ್ಥವಾಗುವುದಿಲ್ಲ ಅನ್ನುವಾಗ, ಬರೆದದ್ದನ್ನ ಅವಳು ಹೇಳಿದ ಭಾಷೆಯಲ್ಲೇ ವಿವರಿಸಿ ತಿಳಿಸಬೇಕು. ಅಂದರೆ ‘ನಾ ಏನ್ ಹೇಳೀನಿ’ ಅಂತ ಕೇಳುವುದು ಅವಳ ಹಕ್ಕು, ಕೋರ್ಟು ಮಾಡುವ ಉಪಕಾರ ಅಲ್ಲ. ಆದರೆ 2002ರಿಂದ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕವೇ ನಡೆಯುತ್ತೆ. ಅವಳ ಕಥೆ ನ್ಯಾಯಾಧೀಶರ ಮುಂದೆ ಅಲ್ಲ, ವಕೀಲರ ಟೇಬಲ್ಲಿನ ಮೇಲೆ ಮರಾಠಿಯಾಗುತ್ತೆ. ಭಾಷಾಂತರದ ಜಾಗ ಬದಲಾಗಿದೆ, ಕಾವಲು ಮಾತ್ರ ಹಳೆಯ ಜಾಗದಲ್ಲೇ ನಿಂತಿದೆ. ನನ್ನ ಮುಖ್ಯ ವಾದ ಇದು: ಉಚಿತ ವಕೀಲರನ್ನ ಕೊಟ್ಟ ಮಾತ್ರಕ್ಕೆ ನೆರವು ಪೂರ್ತಿಯಾಗುವುದಿಲ್ಲ. ಸಹಿಗೆ ಮೊದಲು ಕನ್ನಡದಲ್ಲಿ ಓದಿ ಹೇಳುವುದೂ ನೆರವಿನ ಭಾಗವೇ ಆಗಬೇಕು.

ಇಲ್ಲಿ ನಮ್ಮನ್ನೂ ವಿಮರ್ಶೆ ಮಾಡಿಕೊಳ್ಳಬೇಕು. 1967ರ ಮಹಾಜನ ವರದಿ ಅಕ್ಕಲಕೋಟವನ್ನ ಕರ್ನಾಟಕಕ್ಕೆ ಸೇರಿಸಬೇಕು ಅಂದಿತು, ಅದು ನಮಗೆಲ್ಲ ಬಾಯಿಪಾಠ. 2004ರಿಂದ ಗಡಿ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಅದು ಮುಗಿಯುವ ತನಕ ಈ ಹೆಣ್ಣುಮಕ್ಕಳು ಕಾಯಲಾಗುವುದಿಲ್ಲ. ನೆಲ ಯಾರದು ಅಂತ ಇಷ್ಟು ವರ್ಷ ಕೇಳಿದ ನಾವು, ಮರಾಠಿ-ಕನ್ನಡ ಕೋರ್ಟು ಪದಗಳ ಹತ್ತು ಪುಟದ ಕೈಪಿಡಿ ಮಾಡಿ ಹಂಚಲಿಲ್ಲ. ಕನ್ನಡ ಅಧ್ಯಾಪಕಿಯಾಗಿ ನಾನೂ ಮಾಡಲಿಲ್ಲ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಹಿರಿಯರ ಮುಂದೆ ಸ್ಟ್ಯಾಂಪ್ ಪೇಪರಿನ ಮೇಲೆ ಸೋಡಚೀಟಿ ಬರೆದರೆ ಸಾಲದೇ? ರೂಢಿಯ ವಿಚ್ಛೇದನವನ್ನ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಉಳಿಸಿಕೊಂಡಿದೆ, ನಿಜ. ಆದರೆ ಆ ರೂಢಿ ತಮ್ಮಲ್ಲಿದೆ ಅಂತ ವಾದಿಸಿ ಸಾಬೀತು ಮಾಡಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಾಬೀತಾಗದಿದ್ದರೆ ಮದುವೆ ಹಾಗೇ ಉಳಿಯುತ್ತೆ, ಎರಡನೇ ಮದುವೆ ಆದವರು ಸಿಕ್ಕಿಬೀಳ್ತಾರೆ. ಸೋಡಚೀಟಿ ಬರೆದವರೂ ಒಮ್ಮೆ ತಾಲೂಕಿನ ಸಮಿತಿಗೆ ಹೋಗಿ ಕೇಳುವುದು ಒಳ್ಳೇದು. ಫಲಕದ ಮೇಲೆ ‘ವಿಧಿ’ ಅಂತ ಇರುತ್ತೆ, ಹೆದರಬೇಡಿ. ಕನ್ನಡ ಬಲ್ಲ ವಕೀಲರು ಬೇಕು ಅಂತ ಅರ್ಜಿಯಲ್ಲೇ ಬರೆಸಿ. ಕಾಗದ ಓದಿ ಹೇಳದೆ ಸಹಿ ಹಾಕಬೇಡಿ.

ನನ್ನ ಸಮಯ ಮುಗೀತು.